ಹೊಟ್ಟೆ ಬಿರಿಯ ಉಣ್ಣುವ ಅಮಾವಾಸ್ಯೆ

ಮಾರ್ಗಶಿರದ ಅಮಾವಾಸ್ಯೆಯ, ಅಂದರೆ ಎಳ್ಳಮಾಸಿಯ ದಿನ ಹೊತ್ತೇರುವಷ್ಟರಲ್ಲಿ ಬೀದರ್, ಕಲಬುರಗಿಯ ಪೇಟೆಬೀದಿಗಳು ಬಿಕೋ ಎನ್ನತೊಡಗುತ್ತವೆ. ಚಹಾದಂಗಡಿಯವನೂ ಒಲೆ ಆರಿಸಿ ಹೊರಟಿರುತ್ತಾನೆ. ಊರಿಗೆ ಊರೇ ಹೊಲದ ದಾರಿ ಹಿಡಿದಿದೆ. ಎತ್ತಿನ ಬಂಡಿ, ಟ್ರ್ಯಾಕ್ಟರು, ಟಂಟಂ, ಒಂದೇ ಬೈಕಿನ ಮೇಲೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ನಡುವೆ ಬಟ್ಟೆ ಮುಚ್ಚಿದ ಬುಟ್ಟಿ. ಇಳಕಲ್ ಸೀರೆಯುಟ್ಟ ಹೆಂಗಸರು ಅಂಬಲಿಯ ಗಡಿಗೆ ಹೊತ್ತು ಬದುವಿನ ಮೇಲೆ ಸಾಲಾಗಿ ನಡೆಯುತ್ತಾರೆ. ಗಡಿಗೆಯ ಮೈಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಸ್ವಂತ ಹೊಲವಿಲ್ಲದವರೂ ಮನೆಯಲ್ಲಿ ಉಳಿಯುವುದಿಲ್ಲ. ಈ ದಿನ ಯಾರ ಹೊಲಕ್ಕೆ ಯಾರು ಕಾಲಿಟ್ಟರೂ ಉಣ್ಣದೆ ತಿರುಗಿ ಬರುವಂತಿಲ್ಲ. ಎಳ್ಳಮಾಸಿಗೆ ಉಂಡಷ್ಟು ವರ್ಷದ ಇನ್ನಾವ ದಿನವೂ ಇಲ್ಲಿಯ ಜನ ಉಣ್ಣುವುದಿಲ್ಲ.

ಎರೆಹೊಲ ಅಲ್ಲಲ್ಲಿ ಬಾಯಿ ಬಿಟ್ಟಿದ್ದರೂ ಒಳಗೆ ಹಸಿ ಇದೆ. ಬಿಳಿಜೋಳ ಆಳೆತ್ತರಕ್ಕೆ ನಿಂತು ತೆನೆ ಹಾಯುತ್ತಿದೆ. ಕಡಲೆಗಿಡದ ತುಂಬ ಹಸಿರು ಕಾಯಿ. ಸೊಪ್ಪು ಚಿವುಟಿ ಬಾಯಿಗಿಟ್ಟರೆ ಎಲೆಯ ಮೇಲಿನ ಹುಳಿ ನಾಲಿಗೆಗೆ ತಾಗುತ್ತದೆ. ತೊಗರಿ ಒಂದು ಕಡೆ ಒಣಗಿ ಗಿಲಗಿಲ ಎನ್ನುತ್ತಿದೆ, ಇನ್ನೊಂದು ಕಡೆ ಇನ್ನೂ ಹಸಿಯಾಗಿದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು, ಕುಂಕುಮ ಹಚ್ಚಿ, ಜೋಳದ ದಂಟಿನ ಪುಟ್ಟ ಕೊಂಪೆ ಕಟ್ಟಿ ಕೂರಿಸಿದ್ದಾರೆ. ಅವರೇ ಪಾಂಡವರು. ಪೂಜೆ ಮುಗಿದ ಮೇಲೆ ಮನೆಯ ಹಿರಿಯ ಒಂದು ಬುಟ್ಟಿಯಲ್ಲಿ ಭಜ್ಜಿ, ಕಡುಬು, ರೊಟ್ಟಿಯ ಚೂರು ಕಲಸಿಕೊಂಡು ಹೊಲದ ಸುತ್ತ ಚರಗ ಚೆಲ್ಲುತ್ತ ಹೊರಡುತ್ತಾನೆ. ಹಿಂದೆ ಒಬ್ಬ ನೀರು ಚಿಮುಕಿಸುತ್ತ ಬರುತ್ತಾನೆ. ‘ಹುಲಿಗ್ಯೋ’ ಎಂಬ ಕೂಗು ಒಂದು ಹೊಲದಿಂದ ಇನ್ನೊಂದಕ್ಕೆ ದಾಟುತ್ತದೆ. ಉಚ್ಚಾರ ಊರೂರಿಗೆ ಬೇರೆ, ಏರುದನಿ ಎಲ್ಲ ಕಡೆ ಒಂದೇ. ಮೊದಲ ತುತ್ತು ಭೂತಾಯಿಗೆ. ಆಮೇಲೆ ಹಕ್ಕಿ-ಪಕ್ಷಿಗೆ, ಇರುವೆಗೆ. ಮನುಷ್ಯರ ಸರದಿ ಕೊನೆಗೆ.

ಬೇವಿನ ನೆರಳಲ್ಲಿ ಜಮಖಾನ ಹಾಸಿ ಬುಟ್ಟಿಗಳ ಬಟ್ಟೆ ಬಿಚ್ಚಿದರೆ ಮೊದಲು ಮೂಗಿಗೆ ಬರುವುದು ಭಜ್ಜಿ. ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ ಇದು. ಹಿಂದಿನ ದಿನ ಸಂಜೆಯಿಂದ ಮನೆಮಂದಿಯೆಲ್ಲ ಕೂತು ಕಾಳು ಬಿಡಿಸಿ, ಸೊಪ್ಪು ಸೋಸಿ, ದೊಡ್ಡ ಪಾತ್ರೆಯಲ್ಲಿ ಬೇಯಿಸಿದ್ದು. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಶೇಂಗಾ, ಮೆಂತ್ಯ, ಪಾಲಕ, ಗಜ್ಜರಿ, ಬದನೆ, ಉಳ್ಳಾಗಡ್ಡಿ ತಪ್ಪಲು, ಕೆಲವು ಮನೆಗಳಲ್ಲಿ ಬಾರೆಹಣ್ಣು ಕೂಡ. ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕದಡಿ ಗಟ್ಟಿ ಮಾಡುತ್ತಾರೆ. ಚಳಿಗಾಲದ ಹೊಲದಲ್ಲಿ ಏನೆಲ್ಲ ಬೆಳೆದಿದೆಯೋ ಅದೆಲ್ಲ ಒಂದೇ ಪಾತ್ರೆಯಲ್ಲಿದೆ. ಸೌಟಿನಿಂದ ಎತ್ತಿದರೆ ಕಾಳು ಒಂದೊಂದೇ ಜಾರಿ ಬೀಳುತ್ತದೆ, ಹಿಟ್ಟಿನ ಲೇಪ ಸೌಟಿಗೆ ಉಳಿಯುತ್ತದೆ. ಪಕ್ಕದಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಖಡಕ್ ರೊಟ್ಟಿ, ಸಜ್ಜೆ ಕಡುಬು, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಗೋಧಿ ಹುಗ್ಗಿ, ಮೊಸರನ್ನ. ಎಲ್ಲದರ ಮೇಲೆ ಹುಳಿ ಬಂದ ಜೋಳದ ಅಂಬಲಿ, ಮಜ್ಜಿಗೆ ಬೆರೆಸಿದ್ದು.

ರೊಟ್ಟಿಯೇ ತಾಟು. ಅಂಗೈ ಮೇಲೆ ರೊಟ್ಟಿ, ಅದರ ಮೇಲೆ ಭಜ್ಜಿ, ಭಜ್ಜಿಯ ಮೇಲೆ ಹಿಂಡಿ. ನೀಡುವ ಹೆಂಗಸರು ಸುತ್ತು ಹಾಕುತ್ತಲೇ ಇರುತ್ತಾರೆ.

“ನೀಡಲ್ರಿ ಇನ್ನೊಂದಿಷ್ಟು?”

“ಸಾಕ್ರಿ ಅತ್ತಿ, ಆಗೂದಿಲ್ಲ.”

“ಏನ್ ಉಂಡೀರಿ ಅಂತ ಸಾಕು? ಇದು ವರ್ಷಕ್ಕೊಂದ ಸಲ ಬರ್ತದ.”

ಈ ಕೊನೆಯ ಮಾತಿಗೆ ಎದುರುತ್ತರ ಇಲ್ಲ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಹೋಳಿಗೆ ಜಾರಿಸಿ ಹೋಗುತ್ತಾರೆ. ಅದರ ಮೇಲೆ ತುಪ್ಪ. ಇನ್ನು ಒಂದು ತುತ್ತೂ ಇಳಿಯದು ಎಂದವನು ಹೋಳಿಗೆಯನ್ನು ಮಡಚಿ ಬಾಯಿಗಿಡುತ್ತಾನೆ, ಅದೂ ಇಳಿಯುತ್ತದೆ.

ನಮ್ಮ ಪಂಕ್ತಿಯಲ್ಲಿ ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಕೂತಿದ್ದಳು. ಐಟಿ ಕೆಲಸ, ಬೆಳಗಿನ ಜಿಮ್, ಮೊಬೈಲಿನಲ್ಲಿ ತಿಂದದ್ದೆಲ್ಲ ಬರೆದಿಡುವ ಆ್ಯಪ್. ಮೊದಲೆರಡು ರೊಟ್ಟಿಯ ತನಕ ಬರೆದಳು. ಭಜ್ಜಿಯ ಹೆಸರು ಆ ಪಟ್ಟಿಯಲ್ಲಿ ಸಿಗಲಿಲ್ಲ. ಎರಡನೆಯ ಹೋಳಿಗೆಗೆ ಮೊಬೈಲನ್ನು ಚೀಲಕ್ಕೆ ಹಾಕಿದಳು. ಊಟ ಮುಗಿದ ಮೇಲೆ ಕೈ ತೊಳೆಯುತ್ತ ಮೆಲ್ಲಗೆ ಕೇಳಿದಳು: “ಇಷ್ಟೊಂದು ತಿಂದೆನಲ್ಲ, ಹೀಗೆ ಆಗುವುದು ಸಹಜವಾ? ನನಗೇನಾದರೂ ತೊಂದರೆ ಇದೆಯಾ?”

ಅವಳ ದನಿಯಲ್ಲಿ ಭಯವಿತ್ತು, ಅದು ನನ್ನನ್ನು ಕಲಕಿತು. ಇಪ್ಪತ್ತು ಜನ ನಗುತ್ತ ಉಂಡು ಎದ್ದ ಪಂಕ್ತಿಯಲ್ಲಿ ಒಬ್ಬಳು ಮಾತ್ರ ತಪ್ಪು ಮಾಡಿದವಳ ಹಾಗೆ ಕೈ ತೊಳೆಯುತ್ತಿದ್ದಾಳೆ. ನನ್ನ ಉತ್ತರ ನೇರವಾಗಿದೆ. ಸಹಜ. ಆರೋಗ್ಯವಂತ ಮನುಷ್ಯ ವರ್ಷದಲ್ಲಿ ಕೆಲವು ದಿನ ಅಳತೆ ಮೀರಿ ಉಣ್ಣುವುದು ರೋಗವೂ ಅಲ್ಲ, ದೌರ್ಬಲ್ಯವೂ ಅಲ್ಲ. ಉಣ್ಣುವ ಪ್ರಾಣಿಯಾಗಿ ನಮ್ಮ ದೇಹ ಇದಕ್ಕೆ ಸಿದ್ಧವಾಗಿಯೇ ಇದೆ.

ಹೊಟ್ಟೆ ತುಂಬಿದ ಮೇಲೂ ಹೋಳಿಗೆಗೆ ಜಾಗ ಸಿಕ್ಕುವುದನ್ನೇ ನೋಡಿ. ಅಮೆರಿಕದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದರು. ಒಂದು ರುಚಿಯನ್ನು ಉಣ್ಣುತ್ತ ಹೋದಂತೆ ಆ ರುಚಿಯ ಮೇಲಿನ ಆಸೆ ಇಳಿಯುತ್ತದೆ, ಬೇರೆ ರುಚಿಯ ಮೇಲಿನದು ಹಾಗೇ ಉಳಿದಿರುತ್ತದೆ. ಬರೀ ರೊಟ್ಟಿ-ಪಲ್ಯದ ದಿನ ಮೂರು ರೊಟ್ಟಿಗೆ ಕೈ ತೊಳೆಯುವವನು ಎಳ್ಳಮಾಸಿಯಂದು ಹುಳಿ, ಖಾರ, ಕಹಿ, ಸಿಹಿ ಎಂದು ಸುತ್ತು ಹೊಡೆಯುತ್ತ ಎರಡರಷ್ಟು ಉಣ್ಣುತ್ತಾನೆ. ಭಜ್ಜಿ ಸಾಕಾಯಿತು, ಹೋಳಿಗೆ ಸಾಕಾಗಿಲ್ಲ. ಹೋಳಿಗೆ ಸಾಕಾಯಿತು, ಅಂಬಲಿ ಇನ್ನೂ ಬೇಕು. ಜೊತೆಗೆ ಪಂಕ್ತಿ. ಒಬ್ಬರೇ ಕೂತು ಉಣ್ಣುವುದಕ್ಕಿಂತ ನೆಂಟರಿಷ್ಟರ ನಡುವೆ ಕೂತಾಗ ಜನ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಉಣ್ಣುತ್ತಾರೆ ಎಂಬುದನ್ನು ಊಟದ ಅಭ್ಯಾಸ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡಿದ್ದಾರೆ. ಸಾಲದ್ದಕ್ಕೆ, ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಡವಾಗಿ ಮುಟ್ಟುತ್ತದೆ. ಜಠರ ಹಿಗ್ಗಿದ್ದನ್ನು ವೇಗಸ್ ನರ ಬೇಗ ತಿಳಿಸಿದರೂ ಕರುಳಿನಿಂದ ಹೊರಡುವ ಹಾರ್ಮೋನುಗಳ ಕೆಲಸ ಪೂರ್ತಿಯಾಗಲು 15–20 ನಿಮಿಷ ಬೇಕು. ಆ ಹೊತ್ತಿನಲ್ಲಿ ಅತ್ತಿ ಎರಡು ಸುತ್ತು ಬಂದು ಹೋಗಿರುತ್ತಾಳೆ.

ಉಂಡದ್ದು ಒಳಗೆ ಏನಾಗುತ್ತದೆ? ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ನೋಡಲು ಹೊರಟರು. 22ರಿಂದ 37ರ ವಯಸ್ಸಿನ 14 ಆರೋಗ್ಯವಂತ ಗಂಡಸರಿಗೆ ಒಂದು ದಿನ ಹಿತವಾಗಿ ಹೊಟ್ಟೆ ತುಂಬುವಷ್ಟು ಪಿಜ್ಜಾ, ಇನ್ನೊಂದು ದಿನ ಇನ್ನಾಗದು ಎನ್ನುವ ತನಕ ಪಿಜ್ಜಾ. ಎರಡನೆಯ ಸಲ ಅವರು ಮೊದಲಿನ ಸುಮಾರು ಎರಡು ಪಟ್ಟು, ಅಂದರೆ ಹತ್ತಿರ ಹತ್ತಿರ 3,000 ಕ್ಯಾಲೊರಿ ಒಂದೇ ಊಟದಲ್ಲಿ ತಿಂದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರು ಊಹಿಸಿದಂತಿರಲಿಲ್ಲ. ರಕ್ತದ ಸಕ್ಕರೆ ಮಾಮೂಲಿ ಊಟದ ಮಟ್ಟವನ್ನು ದಾಟಿರಲಿಲ್ಲ. ರಕ್ತದ ಕೊಬ್ಬು ಸ್ವಲ್ಪವೇ ಏರಿತ್ತು. ದೇಹ ಅರ್ಧದಷ್ಟು ಹೆಚ್ಚು ಇನ್ಸುಲಿನ್ ಸುರಿಸಿ ಪರಿಸ್ಥಿತಿಯನ್ನು ಹತೋಟಿಗೆ ತಂದಿತ್ತು. ನಾಲ್ಕು ಗಂಟೆಯ ಮೇಲೆ ಅವರಿಗೆ ಸಿಹಿಯೂ ಬೇಡವಾಗಿತ್ತು, ಜಡತನ ಆವರಿಸಿತ್ತು. ಹದಿನಾಲ್ಕೇ ಜನ, ಅದೂ ಎಳೆಯ ವಯಸ್ಸಿನ ಗಂಡಸರು, ಅದೂ ಒಂದೇ ಊಟ ಎಂಬುದನ್ನು ಮರೆಯಬಾರದು. ಆದರೆ ಒಂದು ಊಟಕ್ಕೆ ದೇಹ ಕಂಗಾಲಾಗುವುದಿಲ್ಲ ಎಂಬುದನ್ನು ಇದು ಚೆನ್ನಾಗಿಯೇ ತೋರಿಸಿತು.

ಆ ಜಡತನವನ್ನು ನೋಡಲು ಬಾತ್‌ಗೆ ಹೋಗಬೇಕಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬೇವಿನ ನೆರಳಿನ ತುಂಬ ಜನ ಅಡ್ಡಾಗಿದ್ದರು. ಒಬ್ಬ ಟವೆಲನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಇನ್ನೊಬ್ಬ ಸೊಂಟದ ಉಡದಾರ ಸಡಿಲಿಸಿ ಬಂಡಿಯ ಗಾಲಿಗೆ ಒರಗಿದ್ದ. ಖಾಲಿಯಿದ್ದಾಗ ಮುದುಡಿಕೊಂಡಿರುವ ಜಠರ ದೊಡ್ಡ ಊಟಕ್ಕೆ ಒಂದೂವರೆ ಲೀಟರಿನ ತನಕ, ಕೆಲವರಲ್ಲಿ ಅದಕ್ಕೂ ಹೆಚ್ಚು ಹಿಗ್ಗಿಕೊಡುತ್ತದೆ. ಎಣ್ಣೆ, ತುಪ್ಪ ಹೆಚ್ಚಿದ್ದರೆ ನಿಧಾನವಾಗಿ ಖಾಲಿಯಾಗುತ್ತದೆ. ಮಕ್ಕಳಿಗೆ ಇದಾವುದೂ ಲೆಕ್ಕಕ್ಕಿಲ್ಲ. ಕೊಂಬೆಗೆ ಕಟ್ಟಿದ ಜೋಕಾಲಿಯ ಮೇಲೆ ಒಬ್ಬರಾದ ಮೇಲೊಬ್ಬರು. ಬೆಂಗಳೂರಿನ ಹುಡುಗಿಯನ್ನೂ ಎಳೆದುಕೊಂಡು ಹೋದರು. ಹೆಂಗಸರು ಮಾತ್ರ ಪಾತ್ರೆ ಒತ್ತಟ್ಟಿಗಿಟ್ಟು ಆಗಷ್ಟೇ ಉಣ್ಣಲು ಕೂತಿದ್ದರು. ಎಲ್ಲರ ಹೊಟ್ಟೆ ಬಿರಿಯುವ ದಿನವೂ ನೀಡಿದವರ ಊಟ ಕೊನೆಗೇ ಎಂಬುದು ನನಗೆ ಒಪ್ಪಿಗೆಯಾಗದ ಸಂಗತಿ. ಅವರ ಪಂಕ್ತಿಗೆ ಗಂಡಸರು ನೀಡಿದ್ದರೆ ಚೆನ್ನಿತ್ತು.

ಒಂದು ಕಡೆ ಅಜ್ಜನೊಬ್ಬ ಗೋಡಂಬಿಯಷ್ಟು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು, ಭಜ್ಜಿ-ರೊಟ್ಟಿಗೇ ಊಟ ಮುಗಿಸಿ ಕೂತಿದ್ದ. ಸಕ್ಕರೆ ಕಾಯಿಲೆ. ಜೇಬಿನಲ್ಲಿ ಗುಳಿಗೆಯ ಪಟ್ಟಿ. ಅವನ ಕೈಗೆ ಯಾರೂ ಒತ್ತಾಯದ ಹೋಳಿಗೆ ಇಡಲಿಲ್ಲ, ಅದು ನನಗೆ ಸಂತೋಷ ಕೊಟ್ಟಿತು. ಮಧುಮೇಹ, ಹೃದಯದ ತೊಂದರೆ, ಮೂತ್ರಪಿಂಡದ ಕಾಯಿಲೆ, ಪಿತ್ತಕೋಶದ ಕಲ್ಲು ಇದ್ದವರಿಗೆ ಮೇಲಿನ ಹದಿನಾಲ್ಕು ಹುಡುಗರ ಲೆಕ್ಕ ಅನ್ವಯಿಸುವುದಿಲ್ಲ. ಒಂದೇ ದೊಡ್ಡ ಊಟ ಅವರನ್ನು ಆಸ್ಪತ್ರೆಗೆ ಮುಟ್ಟಿಸಬಹುದು. ಹಬ್ಬವೆಂದು ಗುಳಿಗೆ ಬಿಡುವುದು, ಇನ್ಸುಲಿನ್ ಪ್ರಮಾಣವನ್ನು ತಾವೇ ಏರಿಸುವುದು ಎರಡೂ ಅಪಾಯ. ಪ್ರೀತಿಯಿಂದ ನೀಡುವವರು ಇಂಥವರಿಗೆ ಎರಡನೆಯ ಸಲ ‘ನೀಡಲ್ರಿ’ ಎನ್ನದಿರುವುದೇ ಪ್ರೀತಿ.

ಒಂದೊತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ ಎಂದ ಜನರೇ ಈ ಅಮಾವಾಸ್ಯೆಯನ್ನೂ ಮಾಡಿಟ್ಟವರು. ಜಠರವನ್ನು ಮೂರು ಪಾಲು ಮಾಡಿ ಒಂದನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ, ಒಂದನ್ನು ವಾತ-ಪಿತ್ತ-ಕಫಗಳ ಓಡಾಟಕ್ಕೆ ಬಿಡಬೇಕೆಂದು ಚರಕಸಂಹಿತೆ ಹೇಳುತ್ತದೆ. ಆ ಮಾತು ದಿನನಿತ್ಯದ ತಟ್ಟೆಗೆ ಹೇಳಿದ್ದು. ವರ್ಷವಿಡೀ ಜೋಳದ ರೊಟ್ಟಿ, ಬ್ಯಾಳಿ, ಖಾರ, ಒಂದು ಗಡ್ಡೆ ಉಳ್ಳಾಗಡ್ಡಿಯ ಮೇಲೆ ದುಡಿದವರಿಗೆ ಒಂದು ದಿನದ ಸಮೃದ್ಧಿ ಬೇಕಿತ್ತು. ಬರದ ನಾಡು ಇದು. ತೊಗರಿ ಕೈಗೆ ಬರುವ, ಜೋಳ ತೆನೆ ಹಾಯುವ ಹೊತ್ತಿಗೆ ಬಂದ ಹಬ್ಬದಲ್ಲಿ ಹೊಟ್ಟೆ ತುಂಬ ಉಣ್ಣುವುದೆಂದರೆ ಬದುಕಿದ್ದೇವೆ ಎಂದು ಒಟ್ಟಿಗೆ ಕೂತು ಹೇಳಿಕೊಂಡಂತೆ. ಈ ಹಬ್ಬಕ್ಕೆ ಒಂದು ಆರಂಭವಿದೆ, ಒಂದು ಕೊನೆಯಿದೆ. ಹೊತ್ತು ಮುಳುಗುವಾಗ ಬುಟ್ಟಿ ಕಟ್ಟುತ್ತಾರೆ.

ಬುಟ್ಟಿ ಕಟ್ಟದಿರುವುದೇ ಈಗಿನ ತೊಂದರೆ. 2000ದಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ 195 ಜನರ ತೂಕವನ್ನು ಅಲ್ಲಿಯ ಹಬ್ಬದ ದಿನಗಳ ಉದ್ದಕ್ಕೂ, ನವೆಂಬರ್ ನಡುವಿನಿಂದ ಜನವರಿಯ ಮೊದಲ ವಾರಗಳ ತನಕ, ಅಳೆಯಿತು. ಸರಾಸರಿ ಏರಿದ್ದು 0.37 ಕಿಲೋ ಮಾತ್ರ. ತಾವು ಇದಕ್ಕಿಂತ ಎಷ್ಟೋ ಹೆಚ್ಚು ದಪ್ಪಗಾದೆವೆಂದು ಜನ ಭಾವಿಸಿದ್ದರು. ಹೆದರಿದಷ್ಟು ಆಗಿರಲಿಲ್ಲ. ಆದರೆ ಏರಿದ ಆ ಚೂರು ಆಮೇಲೆ ಇಳಿಯಲೂ ಇಲ್ಲ. ಪ್ರತಿವರ್ಷ ಅಷ್ಟಷ್ಟೇ ಕೂಡುತ್ತ ಹೋದರೆ ನಡುವಯಸ್ಸಿಗೆ ಸೊಂಟದ ಸುತ್ತ ಕಾಣಿಸುತ್ತದೆ. ಅದು ಒಂದು ದಿನದ ಊಟದ ಫಲವಲ್ಲ, ವಾರಗಟ್ಟಲೆ ನಿಲ್ಲದೆ ನಡೆದ ಊಟದ ಫಲ. ನಮ್ಮ ನಗರಗಳಲ್ಲಿ ಶುಕ್ರವಾರದ ಪಾರ್ಟಿ, ಶನಿವಾರದ ಬಫೆ, ಭಾನುವಾರದ ಬಿರಿಯಾನಿ, ನಡುವೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಎಂದು ವಾರಕ್ಕೊಂದು ಅಮಾವಾಸ್ಯೆ ಬರುತ್ತಿದೆ. ನನ್ನ ಚಿಂತೆಯೆಲ್ಲ ಅದರ ಬಗ್ಗೆ. ಎಳ್ಳಮಾಸಿಯ ಬಗ್ಗೆ ಅಲ್ಲ.

ಇನ್ನೊಂದು ಬಗೆಯ ಅತಿಯೂಟವಿದೆ. ಅದನ್ನು ಈ ಪಂಕ್ತಿಯ ಜೊತೆ ಸೇರಿಸಬಾರದು. ಅಲ್ಲಿ ಯಾರೂ ನೀಡುವವರಿಲ್ಲ. ರಾತ್ರಿ ಒಬ್ಬರೇ, ಬಾಗಿಲು ಹಾಕಿಕೊಂಡು, ಹಸಿವಿಲ್ಲದೆ, ರುಚಿ ಗೊತ್ತಾಗದಷ್ಟು ಬೇಗ ಬೇಗ, ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದೆ ತಿನ್ನುವುದು. ತಿಂದಾದ ಮೇಲೆ ನಾಚಿಕೆ, ತನ್ನ ಮೇಲೆಯೇ ಅಸಹ್ಯ. ಇದು ವಾರಕ್ಕೊಮ್ಮೆಯಾದರೂ ಮೂರು ತಿಂಗಳ ಕಾಲ ನಡೆದರೆ ಮನೋವೈದ್ಯರು ಅದನ್ನು ಕಾಯಿಲೆಯೆಂದು ಗುರುತಿಸುತ್ತಾರೆ. ಅದಕ್ಕೆ ಚಿಕಿತ್ಸೆಯೂ ಇದೆ, ಗುಣವೂ ಆಗುತ್ತದೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇಂಥವರಿಗೆ ‘ಬಾಯಿ ಕಟ್ಟು’ ಎಂದು ಬುದ್ಧಿ ಹೇಳುವುದು ಕ್ರೌರ್ಯ. ಬಾಯಿ ಕಟ್ಟಿದ್ದೇ ಎಷ್ಟೋ ಸಲ ಮೂಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರೆಲ್ಲ ತಾವಾಗಿ ಒಪ್ಪಿ ಬಂದವರು. ದಿನವಿಡೀ ಊಟದ್ದೇ ಮಾತು, ಊಟದ್ದೇ ಕನಸು. ಮತ್ತೆ ಬೇಕಾದಷ್ಟು ಉಣ್ಣಲು ಬಿಟ್ಟಾಗ ಹಲವರು ಎಷ್ಟು ಉಂಡರೂ ತೃಪ್ತಿಯಾಗದೆ ಉಣ್ಣುತ್ತಲೇ ಹೋದರು. ಹಸಿದ ದೇಹ ಸಾಲ ವಸೂಲಿ ಮಾಡುತ್ತದೆ.

ಅದಕ್ಕೇ ಆ ಹುಡುಗಿ ಸಂಜೆ ಬಂಡಿಯಲ್ಲಿ “ನಾಳೆ ಪೂರ್ತಿ ಉಪವಾಸ, ನಾಡಿದ್ದು ಬರೀ ಜ್ಯೂಸು” ಎಂದಾಗ ಬೇಡವೆಂದೆ. ದೇವರ ಹೆಸರಿನ ಏಕಾದಶಿ ಬೇರೆ, ತನ್ನನ್ನು ತಾನೇ ದಂಡಿಸಿಕೊಳ್ಳುವ ಉಪವಾಸ ಬೇರೆ. ಎರಡನೆಯದು ಮೂರನೆಯ ದಿನ ಮತ್ತೆ ಬಿಸ್ಕತ್ತಿನ ಡಬ್ಬಿಯ ಮುಂದೆ ತಂದು ನಿಲ್ಲಿಸುತ್ತದೆ. ನಾಳೆ ತೂಕದ ಯಂತ್ರ ಒಂದು ಕಿಲೋ ಹೆಚ್ಚು ತೋರಿಸಬಹುದು ಎಂದೂ ಹೇಳಿದೆ. ಅದರಲ್ಲಿ ಬಹುಪಾಲು ನೀರು, ಇನ್ನಷ್ಟು ಕರುಳಲ್ಲೇ ಇರುವ ಊಟ. ರೊಟ್ಟಿ, ಹೋಳಿಗೆಯ ಪಿಷ್ಟ ದೇಹದಲ್ಲಿ ಗ್ಲೈಕೋಜನ್ ಆಗಿ ಕೂಡುವಾಗ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ, ಉಪ್ಪು ಇನ್ನಷ್ಟನ್ನು ಹಿಡಿಯುತ್ತದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಬೇಕು. ದಿನದ ಅಗತ್ಯಕ್ಕಿಂತ 2,000 ಹೆಚ್ಚೇ ಉಂಡಿದ್ದರೂ ಕೂಡುವ ಕೊಬ್ಬು ಸುಮಾರು ಕಾಲು ಕಿಲೋ ಅಷ್ಟೇ. ಎರಡು ಮೂರು ದಿನ ಎಂದಿನಂತೆ ಉಂಡು, ಎಂದಿನಂತೆ ಓಡಾಡಿಕೊಂಡಿದ್ದರೆ ನೀರಿನ ಲೆಕ್ಕ ತಾನೇ ಸರಿಹೋಗುತ್ತದೆ.

ಹಳ್ಳಿಯಲ್ಲಿ ಮರುದಿನ ಯಾರೂ ಉಪವಾಸ ಮಾಡಲಿಲ್ಲ, ಯಾರೂ ಹೋಳಿಗೆಗೆ ಹಾತೊರೆಯಲೂ ಇಲ್ಲ. ಬೆಳಿಗ್ಗೆ ಒಂದು ಚರಿಗೆ ಅಂಬಲಿ ಕುಡಿದು ತೊಗರಿ ಕೊಯ್ಯಲು ಹೋದರು. ಮಧ್ಯಾಹ್ನ ಖಡಕ್ ರೊಟ್ಟಿಗೆ ಉಳಿದ ಭಜ್ಜಿ. ಒಂದು ರಾತ್ರಿ ಕಳೆದ ಭಜ್ಜಿಯಲ್ಲಿ ಹುಳಿ ಕಾಳಿನ ಒಳಗಿಳಿದು ರುಚಿ ಕೂಡಿರುತ್ತದೆ, ಹಬ್ಬದ ದಿನದ್ದಕ್ಕಿಂತ ನನಗೆ ಇದೇ ಇಷ್ಟ. ಹುಡುಗಿ ಎರಡು ರೊಟ್ಟಿ ಉಂಡು, ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು. ಅತ್ತಿಯೂ ಒತ್ತಾಯ ಮಾಡಲಿಲ್ಲ, ಅಮಾವಾಸ್ಯೆ ಮುಗಿದಿತ್ತು. ಹುಡುಗಿ ರಾತ್ರಿ ಬಸ್ಸಿಗೆ ಹೊರಟಾಗ ಅತ್ತಿ ಸ್ಟೀಲ್ ಡಬ್ಬಿಯಲ್ಲಿ ಭಜ್ಜಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು ಕೈಗಿಟ್ಟಳು. “ಮುಂಜಾನೆ ಮುಟ್ಟಿದ ಕೂಡ್ಲೆ ಫ್ರಿಜ್ಜಿನಾಗ ಇಡು. ಬಿಸಿ ಮಾಡುವಾಗ ಒಂದ್ ಮಿಳ್ಳಿ ನೀರ್ ಹಾಕು, ಇಲ್ಲಂದ್ರ ತಳ ಹಿಡೀತದ. ನಿನ್ನ ರೂಮಿನ ಹುಡುಗ್ಯಾರಿಗೂ ನೀಡು.”